ಏರೋಪ್ಲೇನ್ ಚಿಟ್ಟೆಗಳ ಮಡು

"ನಿಲ್ಸಿ! ನಿಲ್ಸಿ ಅಂದ್ನಲ್ಲಾ!"

ಜೆಸಿಬಿಯ ಬಕೆಟ್ ಶ್ಯಾಮಲಾಳ ತಲೆಯ ಮೇಲೆ ಗಕ್ಕನೆ ನಿಂತಿತು. ಅದರ ಹಲ್ಲುಗಳಿಂದ ಒದ್ದೆ ಮಣ್ಣು ಅವಳ ಭುಜದ ಮೇಲೆ ತೊಟ್ಟಿಕ್ಕಿತು. ಮೊಣಕಾಲುದ್ದ ಕೆಸರಿನಲ್ಲಿ, ಜೊಂಡಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು ಅವಳು.

ಕ್ಯಾಬಿನ್ನಿನಿಂದ ಹಾರಿಳಿದ ಯುವಕನ ಮುಖ ಬಿಳಿಚಿಕೊಂಡಿತ್ತು.

"ಸಾಯಕ್ಕೆ ಬಂದಿದ್ದೀರಾ? ಒಂದು ಚಣ ಕೈ ಜಾರಿದ್ರೆ ಏನ್ ಗತಿ!"

"ನನ್ನ ವಿಷಯ ಬಿಡಿ. ಈ ಜೊಂಡು ಮಾತ್ರ ಮುಟ್ಟಬೇಡಿ!"

"ಜೊಂಡಾ? ಕೆರೆ ಹೂಳು ತೆಗೆಯೋ ಕೆಲ್ಸ ಇದು ಮೇಡಂ. ಜೊಂಡು ಬುಟ್ಟು ಇನ್ನೇನು ತೆಗೀಲಿ?"

ಅವನ ಕಣ್ಣಲ್ಲಿ ಸಿಟ್ಟಿತ್ತು. ಆದರೆ ಅವಳಿಗೆಲ್ಲಾದರೂ ಪೆಟ್ಟಾಗಿದೆಯೇ ಎಂದು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ. 'ನನಗೋಸ್ಕರ ಹೆದರಿದಾನಾ ಇವನು?' ಶ್ಯಾಮಲಾಳ ಎದೆಯಲ್ಲಿ ಏನೋ ಮೆತ್ತಗಾಯಿತು.

"ಅರ್ಧ ಗಂಟೆ ಕೊಡಿ," ಎಂದಳು. "ಇಲ್ಲಿ ಬಂದು ನೋಡಿ. ಆಮೇಲೂ ಕೀಳಬೇಕು ಅನ್ಸಿದ್ರೆ ಕಿತ್ತುಬಿಡಿ."

ಗೊಣಗುತ್ತಲೇ ಬಂದ. ಅವಳು ಬೆರಳು ತೋರಿದ ಕಡೆ ಬಗ್ಗಿದ.

ಜೊಂಡಿನ ಎಲೆಯೊಂದರ ಮೇಲೆ ಕಂದು ಬಣ್ಣದ ಕುರೂಪಿ ಹುಳ ನೀರಿನಿಂದ ಮೇಲೇರಿ ಕೂತಿತ್ತು. ನೋಡುತ್ತಿದ್ದಂತೆ ಅದರ ಬೆನ್ನು ಬಿರಿಯಿತು! ಒಳಗಿನಿಂದ ತಲೆ ಬಂತು... ಮುದುರಿದ ಒದ್ದೆ ಕಾಗದದಂಥ ರೆಕ್ಕೆಗಳು ಬಂದವು... ನಿಧಾನವಾಗಿ ಅರಳಿ, ಗಾಜಿನ ಹಾಗೆ ಹೊಳೆದವು.

ಅವನು ಉಸಿರೇ ಬಿಟ್ಟಿರಲಿಲ್ಲ.

"ಇದು... ಏರೋಪ್ಲೇನ್ ಚಿಟ್ಟೆ ಅಲ್ವಾ? ನೀರಿನ ಒಳಗಿಂದ ಬತ್ತದಾ ಇದು!"

"ಹೂಂ! ಇದರ ಮರಿ ಬೆಳೆಯೋದೇ ನೀರಲ್ಲಿ. ಸೊಳ್ಳೆ ಮರಿ ತಿಂದು ಬೆಳೆಯುತ್ತೆ. ನಮ್ಮ ಕಡೆ ತಟ್ಟಾನ್ ಅಂತಾರೆ."

"ನಮ್ಮವ್ವ ತೂನೀಗ ಅಂತಾಳೆ," ಎಂದು ಅವನು ನಕ್ಕ. ಆ ನಗುವಿನಲ್ಲಿ ಸಿಟ್ಟು ಎಲ್ಲಿ ಹೋಯಿತೋ!

ಅವನ ಹೆಸರು ಮುನೀಂದ್ರ. ಕಾಮಸಮುದ್ರದ ಬಳಿಯ ಆ ಕೆರೆಯ ಊರಿನವನೇ, ಕುಪ್ಪುಸ್ವಾಮಿ ಎಂಬ ಕಂಟ್ರಾಕ್ಟರ್ ಬಳಿ ಜೆಸಿಬಿ ಓಡಿಸುತ್ತಿದ್ದ. ಶ್ಯಾಮಲಾ ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್‌ಮನೆಯ ಹುಡುಗಿ. ಪ್ರಾಣಿಶಾಸ್ತ್ರ ಓದಿ, ಮೂರು ವರ್ಷಗಳಿಂದ ಈ ಭಾಗದ ಕೆರೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸಿ ಬರೆಯುವ ಕೆಲಸದಲ್ಲಿದ್ದಳು.

"ಆ ಮೂಲೆ ಕೊನೇಗೆ ತೆಗೀತೀನಿ," ಎಂದ ಮುನೀಂದ್ರ. "ಅದಿನೈದು ದಿನ ಸಾಕಾ?"

"ಮೂರು ವಾರ!"

"ಕುಪ್ಪುಸ್ವಾಮಣ್ಣ ನನ್ನ ಸಿಗಿದಾಕ್ತಾನೆ..." ತಲೆ ಕೆರೆದುಕೊಂಡ. "ಸರಿ, ಮೂರು ವಾರ."

ಆಮೇಲಿನ ಬೆಳಿಗ್ಗೆಗಳು ಹೇಗೆ ಹಾರಿದವೋ! ಬಸ್ಸಿಳಿದು ಕೆರೆ ಏರಿ ಹತ್ತುವಾಗಲೇ ಅವಳ ಕಣ್ಣು ಹಳದಿ ಯಂತ್ರವನ್ನು ಹುಡುಕುತ್ತಿತ್ತು. ಅವಳ ಎಣಿಕೆ ಮುಗಿಯುವವರೆಗೆ ಮುನೀಂದ್ರ ಇಂಜಿನ್ ಶುರು ಮಾಡುತ್ತಲೇ ಇರಲಿಲ್ಲ.

"ಮೇಡಂ, ಬನ್ನಿ ಬನ್ನಿ! ಸೂಜಿ ಥರಾ ಒಂದೈತೆ, ನೀಲಿ ಬಾಲ!"

"ಕೂತಾಗ ರೆಕ್ಕೆ ಮಡಚುತ್ತಾ?"

"ಮಡಚ್ತದೆ!"

"ಹಾಗಾದ್ರೆ ಅದು ಬೇರೆ ಗುಂಪು! ಅಯ್ಯೋ, ಎಷ್ಟು ಚೆನ್ನಾಗಿ ನೋಡ್ತೀರಾ ನೀವು!"

ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಿ ಅವಳ ಕೆನ್ನೆಯೂ...

ಆದರೆ ಆ ವರ್ಷದ ಬಿಸಿಲು ಬೇರೆಯೇ ಇತ್ತು. ಮಾರ್ಚ್‌ನಲ್ಲೇ ಮೇ ತಿಂಗಳ ಸೆಕೆ! ಮುನೀಂದ್ರ ನೀರಿನಲ್ಲಿ ಒಂದು ಕೋಲು ನೆಟ್ಟು ದಿನವೂ ಗುರುತು ಮಾಡುತ್ತಿದ್ದ.

"ದಿನಕ್ಕೆ ಎರಡು ಬೆರಳು ಇಳೀತೈತೆ ಮೇಡಂ. ಮೂರು ವಾರದ ತಂಕ ಈ ಮೂಲೇಲಿ ನೀರು ಇರಲ್ಲ."

ಶ್ಯಾಮಲಾ ಬಗ್ಗಿ ಕೋಲಿನ ಗುರುತು ನೋಡಿದಳು. "ಅದೇ ಭಯ ನನಗೂ. ಸೆಕೆ ಬೇಗ ಬರುತ್ತೆ, ನೀರು ಬೇಗ ಆರುತ್ತೆ. ಮರಿಗೆ ರೆಕ್ಕೆ ಬರೋಕೆ ಮುಂಚೆನೇ ಕೆಸರು ಒಣಗಿಬಿಡುತ್ತೆ. ಹೋದ ವರ್ಷ ಎರಡು ಕೆರೇಲಿ ಹಾಗೇ ಆಯ್ತು... ಆಳದ ಒಂದು ಮಡು ಇದ್ದಿದ್ರೆ ಉಳೀತಿದ್ವು."

ಅವನು ಕೆರೆಯತ್ತ ನೋಡುತ್ತ ನಿಂತ.

ಮರುದಿನ ಅವಳು ನಾಲ್ಕು ದಿನದ ತರಬೇತಿಗೆಂದು ಮೈಸೂರಿಗೆ ಹೊರಟಳು. ಅವಳ ಮೊಬೈಲು ಅದಾಗಲೇ ಕೆರೆ ನೀರು ಕುಡಿದು ರಿಪೇರಿ ಅಂಗಡಿ ಸೇರಿತ್ತು. ಆ ನಾಲ್ಕು ದಿನವೂ ಅವಳಿಗೆ ಒಂದೇ ಯೋಚನೆ. 'ಅವನು ಈಗ ಏನು ಮಾಡ್ತಿರಬಹುದು? ವಾಪಸ್ ಹೋದ ಕೂಡಲೇ ಹೇಳಿಬಿಡಲಾ?'

ಹೇಳಿಬಿಡಬೇಕು ಎಂದು ತೀರ್ಮಾನಿಸಿಯೇ ಐದನೆಯ ದಿನ ಏರಿ ಹತ್ತಿದಳು.

ಜೊಂಡಿನ ಮೂಲೆ ಬೋಳಾಗಿತ್ತು!

ಒಂದು ಎಲೆಯೂ ಉಳಿದಿರಲಿಲ್ಲ. ಹಸಿ ಮಣ್ಣಿನ ಮೇಲೆ ಬಕೆಟ್ಟಿನ ಹಲ್ಲಿನ ಗುರುತುಗಳು ಮಾತ್ರ. ಮೈಯೆಲ್ಲ ಕೆಸರಾಗಿದ್ದ ಮುನೀಂದ್ರ ಅವಳನ್ನು ಕಂಡು ಓಡಿ ಬಂದ.

"ಬಂದ್ರಾ! ಎಷ್ಟು ಸಲ ಫೋನ್ ಮಾಡ್ದೆ! ಬನ್ನಿ, ನಿಮಗೊಂದು..."

"ಇದನ್ನ ಕಿತ್ತೋರು ಯಾರು?"

"ನಾನೇ. ಆದ್ರೆ..."

"ನಿಮ್ಮ ಕೈಯಿಂದಾನೇ?!" ಅವಳ ದನಿ ಒಡೆಯಿತು. "ನಿಮ್ಮನ್ನ ನಂಬಿದ್ದೆ ನಾನು! ಕುಪ್ಪುಸ್ವಾಮಿ ಹೇಳಿದ ಕೂಡಲೇ ಮಾತು ಮರೆತುಬಿಟ್ರಾ?"

"ಒಂದು ಮಾತು ಕೇಳಿ..."

"ಸಾಕು!"

ತಿರುಗಿ ನಡೆದಳು. ಅವನು ಎರಡು ಹೆಜ್ಜೆ ಹಿಂದೆ ಬಂದು ನಿಂತುಬಿಟ್ಟ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೆಜಿಎಫ್‌ವರೆಗೂ ಅತ್ತಳು.

ಎಂಟು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಒಂಬತ್ತನೆಯ ದಿನ ತಾಯಿ ಸೆಲ್ವಿ ಗದರಿದಳು. "ಏನ್ ಕಣ್ಣಮ್ಮಾ, ನಿನ್ನ ಎಣಿಕೆ ಮುಗೀತಾ? ಹೋಗಿ ಬರೆದುಕೊಂಡಾದ್ರೂ ಬಾ."

ಹೌದು, ಬರೆಯಬೇಕು. ಆ ಕೆರೆಗೆ ಸೊನ್ನೆ ಎಂದು ಬರೆದು ಮುಗಿಸಬೇಕು. ಎದೆ ಕಲ್ಲು ಮಾಡಿಕೊಂಡು ಹೊರಟಳು.

ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಮುನಿಶಾಮಮ್ಮ ಅವಳನ್ನು ನೋಡಿದ್ದೇ ಕೋಲು ನೆಲಕ್ಕೆ ಕುಟ್ಟಿದಳು.

"ಈಗ ಬಂದ್ಯಾ ತಾಯೀ? ಆ ಮಗನ್ನ ಅಷ್ಟು ಬೈದು ಓದ್ಯಲ್ಲಾ, ತೂಬಿನ ತಾವ ಒಂದು ಸಲ ನೋಡ್ದಾ?"

"ಏನಿದೆ ಅಲ್ಲಿ?"

"ಬಾ, ತೋರಿಸ್ತೀನಿ."

ತೂಬಿನ ಪಕ್ಕ, ಕೆರೆಯ ಅತಿ ತಗ್ಗಿನ ಜಾಗದಲ್ಲಿ, ಹೊಸದೊಂದು ಮಡು. ಎರಡಾಳು ಆಳ. ಅದರ ಸುತ್ತ... ಜೊಂಡು! ಅದೇ ಜೊಂಡು, ಬೇರು ಮಣ್ಣಿನ ಸಮೇತ ಸಾಲಾಗಿ ನೆಟ್ಟಿತ್ತು, ಹಸಿರಾಗಿ ನಿಂತಿತ್ತು. ಎಲೆ ಎಲೆಗೂ ಹುಳುಗಳು ಕಳಚಿ ಹೋದ ಒಣ ಪೊರೆಗಳು. ಮೇಲೆ ಬಿಸಿಲಲ್ಲಿ ನೂರಾರು ರೆಕ್ಕೆಗಳು!

ಶ್ಯಾಮಲಾ ಬಗ್ಗಿ ಒಂದು ಒಣ ಪೊರೆಯನ್ನು ಅಂಗೈಗೆ ತೆಗೆದುಕೊಂಡಳು.

"ಆ ಮೂಲೆ ನೀರು ಬತ್ತೋಗ್ತಿತ್ತು," ಮುನಿಶಾಮಮ್ಮ ಹೇಳಿದಳು. "ಎರಡು ದಿನ ಊಟ ತಿಂಡಿ ಬುಟ್ಟು ಗುಂಡಿ ತೋಡ್ದ. ಬಕೆಟ್ಟಲ್ಲಿ ನೀರು ತುಂಬ್ಕೊಂಡು, ಜೊಂಡು ಅದ್ರಾಗಿಟ್ಟು, ಮಗೀನ ಎತ್ಕೊಂಡ್ ಬಂದಂಗೆ ತಂದ ಕಣವ್ವಾ. ಏಳ್ದೆ ಕೇಳ್ದೆ ಮಿಷನ್ ಓಡಿಸ್ದ ಅಂತ ಆ ಕಂಟ್ರಾಕ್ಟರು ಕೀ ಕಿತ್ಕೊಂಡ."

"ಈಗ... ಈಗ ಅವರೆಲ್ಲಿ?"

"ಚೀಲ ಎಗಲಿಗಾಕ್ಕೊಂಡು ಬಂಗಾರಪೇಟೆಗೆ ಓದ. ರೈಲು ಅತ್ತಬೇಕು ಅಂದ."

ಚೀಲ! ರೈಲು! 'ಊರು ಬಿಟ್ಟು ಹೋಗ್ತಿದಾನೆ... ನನ್ನಿಂದ!'

ಅವಳು ಓಡಿದಳು. ಸಿಕ್ಕ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಬಂಗಾರಪೇಟೆ ಮುಟ್ಟಿದಳು. ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಚೆನ್ನೈ ಕಡೆಯ ರೈಲು ಕೂಗು ಹಾಕಿತು. "ನಿಲ್ಲಿ... ಮುನೀಂದ್ರ!" ಕಿಟಕಿ ಕಿಟಕಿ ಇಣುಕುತ್ತ ಪ್ಲಾಟ್‌ಫಾರಂ ತುಂಬ ಓಡಿದಳು. ಎಲ್ಲೂ ಅವನಿಲ್ಲ. ಕೊನೆಯ ಬೋಗಿಯೂ ಅವಳನ್ನು ದಾಟಿ ಹೋಯಿತು.

ಎಲ್ಲ ಮುಗಿಯಿತು... ಕಣ್ಣು ಮಂಜಾಯಿತು.

"ಮೇಡಂ?"

ಗಾಬರಿಯಿಂದ ತಿರುಗಿದಳು. ಎದುರಿನ ಹಳಿಯಲ್ಲಿ ಕೆಜಿಎಫ್ ಕಡೆಯ ಮಾರಿಕುಪ್ಪಂಗೆ ಹೊರಟ ರೈಲು. ಅದರ ಬಾಗಿಲಲ್ಲಿ ಮುನೀಂದ್ರ!

"ನೀವು... ಆ ರೈಲಲ್ಲಿ ಹೋಗ್ಲಿಲ್ವಾ?"

"ಅದ್ರಲ್ಲಿ ನಾನ್ಯಾಕೆ ಓಗ್ಲಿ? ನಿಮ್ಮನೆಗೆ ಓಗೋ ರೈಲು ಇದಲ್ವಾ?"

"ನಮ್ಮನೆಗಾ!"

"ಐದು ದಿನದಿಂದ ಬತ್ತಾನೇ ಇದ್ದೀನಿ," ತಲೆ ತಗ್ಗಿಸಿದ. "ನಿಮ್ಮ ಲೈನ್ ತಿರುವಿನ ತಂಕ ಬಂದು, ಧೈರ್ಯ ಸಾಲ್ದೆ ವಾಪಸ್. ಇವತ್ತು ಏನಾದ್ರಾಗ್ಲಿ ಅಂತ ಒಂಟ್ಬಿಟ್ಟೆ. ಎಂಟು ದಿನದ ಎಣಿಕೆ ಬರ್ದಿದ್ದೀನಿ, ಚೀಲದಾಗೆ ಪುಸ್ತಕ ಐತೆ. ಹೊರಗೆ ಬಂದಿರೋವು ನಾನೂರ ಹನ್ನೆರಡು!"

ರೈಲು ಮೆಲ್ಲಗೆ ಅಲುಗಿತು. ಅವನು ಕೈ ಚಾಚಿದ. ಅವಳು ಹಿಡಿದು ಹತ್ತಿಬಿಟ್ಟಳು! ಟಿಕೆಟ್ ಇಲ್ಲ ಎಂಬುದು ನೆನಪಾದಾಗ ಸ್ಟೇಷನ್ ಹಿಂದೆ ಉಳಿದಿತ್ತು.

"ನನ್ನ ಕ್ಷಮಿಸಿ," ಬಿಕ್ಕಿದಳು. "ಒಂದೇ ಒಂದು ಮಾತು ಕೇಳಿದ್ರೆ ಸಾಕಿತ್ತು... ನಿಮ್ಮ ಕೆಲಸಾನೂ ಹೋಯ್ತು."

"ಓದ್ರೆ ಓಗ್ಲಿ. ಪಂಚಾಯ್ತಿ ಅಧ್ಯಕ್ಷರು ಜಯರಾಮಪ್ಪನೋರು ಮಡು ನೋಡಿದ್ರು. ಊರ ಮಕ್ಕಳೆಲ್ಲಾ ಚಿಟ್ಟೆ ನೋಡ್ತಾ ಅಲ್ಲೇ ನಿಂತವ್ರಲ್ಲಾ! ಇನ್ನು ಯಾವ ಕೆರೆ ಹೂಳು ತೆಗೆದ್ರೂ ತೂಬಿನ ತಾವ ಒಂದು ಮಡು, ಒಂದು ಮೂಲೆ ಜೊಂಡು ಬುಡಬೇಕು ಅಂತ ಬರ್ಸವ್ರೆ. ಪಕ್ಕದೂರ ಕೆರೆ ಕೆಲ್ಸಕ್ಕೆ ನನ್ನೇ ಕರ್ದವ್ರೆ. ಜೊತೆಗೆ ನೀವೂ ಬರಬೇಕಂತೆ."

ಅವಳು ಅಳುತ್ತಲೇ ನಕ್ಕಳು. "ಅದಕ್ಕೇನಾ ನಮ್ಮನೆಗೆ ಹೊರಟಿದ್ದು?"

"ಅಲ್ಲ." ಅವನು ಬಾಗಿಲ ಕಂಬಿ ಬಿಗಿಯಾಗಿ ಹಿಡಿದ. "ನೀವು ಬೈದು ಓದ್ರಲ್ಲಾ, ಅವತ್ತಿಂದ ಕೆರೆ ತಾವ ನಿಂತ್ರೂ ಕೆರೆ ಕಾಣ್ತಿರ್ಲಿಲ್ಲ ನನಗೆ. ನಿಮ್ಮ ಬುಟ್ಟು ಇರಕ್ಕಾಗಲ್ಲ ಶ್ಯಾಮಲಾ. ನಿಮ್ಮಮ್ಮನ್ನ ಕೇಳಾನ ಅಂತ..."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು! ಎದೆಯ ಸದ್ದು ರೈಲಿನ ಸದ್ದನ್ನೂ ಮೀರಿತು.

"ಅಮ್ಮನ್ನ ಆಮೇಲೆ ಕೇಳಿ. ಮೊದಲು ನನ್ನ ಕೇಳ್ಬೇಕು ಅಲ್ವಾ?"

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ," ಎಂದಳು, ಅವನ ಮಾತು ಮುಗಿಯುತ್ತಿದ್ದಂತೆಯೇ.

ಅವನು ನಂಬಲಾರದೆ ಕಣ್ಣರಳಿಸಿದ. "ಇನ್ನೊಂದು ಸಲ ಏಳ್ರಿ... ಗಾಳಿ ಜಾಸ್ತಿ, ಸರಿಯಾಗಿ ಕೇಳಿಸ್ಲಿಲ್ಲ."

"ಸುಳ್ಳು! ಕೇಳಿಸ್ತು ನಿಮಗೆ."

"ಕೇಳಿಸ್ತು. ಆದ್ರೂ ಇನ್ನೊಂದು ಸಲ..."

ಅವಳು ಅವನ ಕಿವಿಯ ಹತ್ತಿರ ಬಾಗಿ, ಮತ್ತೆ ಹೇಳಿದಳು.