ಬಾದಾಮಿ ಎಲೆಯ ಸುಳ್ಳು

ಪುಟ್ಟ ಅಕ್ವೇರಿಯಂನ ಸಿಗಡಿಗಳು ಮೇಯಲಿ, ಅಡಗಿ ಕೂರಲಿ ಎಂದು ತ್ರಿಶಲಾ ಒಣ ಬಾದಾಮಿ ಎಲೆಗಳನ್ನು ತೊಳೆದು ನೀರಿಗೆ ಹಾಕಿ ಒಂದು ತಾಸೂ ಆಗಿರಲಿಲ್ಲ. ಫೋನ್ ಬಂತು. ಮಚ್ಛೆ ಊರಿನ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುವ ನಾಗಲಿಂಗ. ಎಲೆ ಮನೆಗೆ ತಂದುಕೊಟ್ಟವನೂ ಅವನೇ.

“ಎಲಿ ಹಾಕಿದ್ರ ತಗೀರಿ, ಲಗೂನ!”

“ಯಾಕ್ರಿ? ನಿಮ್ಮ ಹಿತ್ತಲದ ಗಿಡದ್ದು, ಔಷಧ ಹೊಡದಿಲ್ಲ ಅಂದಿದ್ರಲ್ಲ?”

ನಾಗಲಿಂಗನ ದನಿ ಇಳಿಯಿತು.

“ನಮ್ಮ ಮನ್ಯಾಗ ಬಾದಾಮಿ ಗಿಡನ ಇಲ್ರಿ. ಬಾಜು ತೋಟದಾಗ ಆರಿಸ್ಕೊಂಡ್ ಬಂದಿದ್ದೆ. ಅಲ್ಲೆ ಗೇರು ಗಿಡಕ್ಕ ಔಷಧ ಹೊಡದಾರಂತ. ಈಗ ಅವ್ವ ಹೇಳಿದ್ಲು.”

ಅವಳು ಎಲೆಗಳನ್ನೆಲ್ಲ ಹೊರತೆಗೆದಳು. ಒಳಗೆ ಹನ್ನೊಂದು ಕೆಂಪು ಸಿಗಡಿಗಳು. ಒಂದರ ಹೊಟ್ಟೆಯಡಿ ತತ್ತಿಗಳಿದ್ದವು. ಇರುವೆಯನ್ನೂ ತುಳಿಯದೆ ದಾಟಿ ನಡೆಯುವ ತಾಯಿ ಅಕ್ಕಾತಾಯಿ ಬಾಗಿಲಲ್ಲಿ ನಿಂತು ನೋಡಿದರು.

ಮುಕ್ಕಾಲು ತಾಸಿನಲ್ಲಿ ಖಾನಾಪುರದಿಂದ ಬೈಕ್ ಓಡಿಸಿಕೊಂಡು ನಾಗಲಿಂಗ ಖಾಸಬಾಗದ ಅವಳ ಮನೆಗೆ ಬಂದ. ವಿಷ ಹೀರಲೆಂದು ಮೀನಿನ ಅಂಗಡಿಯಿಂದ ಇದ್ದಿಲಿನ ಪೊಟ್ಟಣ ತಂದಿದ್ದ. ಹಳೆಯ ನೀರು ತೆಗೆದು, ಹೊಸ ನೀರನ್ನು ಇಬ್ಬರೂ ಲೋಟ ಲೋಟವಾಗಿ ಬಿಟ್ಟರು. ಬೆರಳು ತಾಗಿದಾಗ ಅವಳು ಕೈ ಹಿಂದೆಳೆದುಕೊಂಡಳು.

ಸಂಜೆಯ ಹೊತ್ತಿಗೆ ಎರಡು ಸಿಗಡಿಗಳು ತಳದಲ್ಲಿ ಮಗ್ಗುಲಾಗಿ ಮಲಗಿದ್ದವು. ಮತ್ತೆ ಏಳಲಿಲ್ಲ. ಉಳಿದವು ಒಂದೊಂದಾಗಿ ಪಾಚಿಯ ಮರೆಯಿಂದ ಹೊರಬಂದವು. ಕೊನೆಗೆ ತತ್ತಿಯದೂ ಬಂತು. ಆಗಲೇ ಅವಳಿಗೆ ಅಳು ಬಂದದ್ದು.

“ಸುಳ್ಳ ಯಾಕ ಹೇಳಿದ್ರಿ?”

“ಗಿಡ ಇಲ್ಲ ಅಂದಿದ್ರ ಬ್ಯಾರೆದವ್ರನ್ನ ಕೇಳ್ತಿದ್ರಿ. ನಿಮ್ಮ ಮನಿಗೆ ಬರಾಕ ನನಗ ಬ್ಯಾರೆ ನೆವ ಇರಲಿಲ್ರಿ.”

“ನಿಮ್ಮ ನೆವಕ್ಕ ಎರಡು ಜೀವ ಹೋದ್ವು.”

ಅವನು ತಲೆ ತಗ್ಗಿಸಿದ. “ಖರೇ ಐತ್ರಿ. ಇನ್ನ ಬರೂದಿಲ್ಲ.” ಹೆಲ್ಮೆಟ್ ಎತ್ತಿಕೊಂಡು ಎದ್ದ.

ಅವಳು ಬಾಗಿಲಿಗೆ ಅಡ್ಡ ಬಂದಳು.

“ಕುಂದರ್ರಿ. ಬರಬ್ಯಾಡ್ರಿ ಅಂತ ಯಾರಂದ್ರು? ಸುಳ್ಳ ಹೇಳಬ್ಯಾಡ್ರಿ, ಅಷ್ಟ.”

“ಹಂಗಾರ ಖರೇ ಹೇಳ್ಲೇನ್ರಿ?”

ಒದ್ದೆ ರೆಪ್ಪೆಯಲ್ಲೇ ಅವಳು ಅವನನ್ನು ನೋಡಿದಳು. “ಹೇಳ್ರಿ.”

“ನೀವಂದ್ರ ನನಗ ಜೀವ.”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಅಮ್ಮ ಕೇಳಿಸಿಕೊಂಡಿದ್ದರು. ಲಿಂಗಾಯತರ ಹುಡುಗ, ಜೈನರ ಮನೆ. ಏನೆನ್ನುತ್ತಾರೋ. ಆದರೂ ತ್ರಿಶಲಾ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು:

“ನನಗೂ.”