ಕಿಟಕಿಗೆ ನೇತು ಹಾಕಿದ ಕೋಟು

ನಾಲ್ಕು ಕ್ವಿಂಟಲ್ ತೂಕದ ರೋಬೋ ಗಾಡಿ ನೇರ ನನ್ನ ಮೇಲೇ ಬರುತ್ತಿತ್ತು!

ಹತ್ತು ಅಡಿ... ಆರು ಅಡಿ...

ಅಡ್ಡ ಮನುಷ್ಯ ಕಂಡರೆ ತಾನಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

"ಅಕ್ಕಾ, ಒತ್ತಿ!"

ಆಕೆ ಕೆಂಪು ಗುಂಡಿ ಗುದ್ದಿದಳು. ಗಾಡಿ ನನ್ನ ಮೊಣಕಾಲಿಗೆ ತಾಗಿ ನಿಂತಿತು.

ಒಂಬತ್ತು ದಿನದ ಹಿಂದೆ ಈ ಗೋದಾಮಿನಲ್ಲಿ, ಇದೇ ಜಾಗದಲ್ಲಿ, ಇದೇ ಹೊತ್ತಿಗೆ, ಸಂಜೆ ಐದೂ ಹತ್ತಕ್ಕೆ, ಆಕೆಯ ಗಂಡ ಇದೇ ಗಾಡಿಗೆ ಸಿಕ್ಕಿ ಸತ್ತಿದ್ದ. ಪ್ಯಾಕಿಂಗ್ ಕೆಲಸದವನು. ತನಿಖೆ ನನ್ನದು; ಅದಕ್ಕೇ ಇವತ್ತು ಅವನ ಜಾಗದಲ್ಲಿ ನಾನೇ ನಿಂತು ನೋಡಿದ್ದು. ಫೋನ್ ನೋಡುತ್ತಾ ಅಡ್ಡ ಬಂದ ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ.

ಶುದ್ಧ ಸುಳ್ಳು! ಗಾಡಿಯ ಕ್ಯಾಮೆರಾಗೆ ಈಗ ಏನು ಕಂಡಿತು ಎಂದು ಸ್ಕ್ರೀನಿನಲ್ಲಿ ನೋಡಿದೆ. ಬರೀ ಬಿಳಿ. ನನ್ನ ಹಿಂದಿನ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಅದರ ಕಣ್ಣಿಗೇ ಹೊಡೆದಿತ್ತು.

"ಎರಡು ವರ್ಷದಿಂದ ಇದೇ ಗಾಡಿ, ಇದೇ ಕಿಟಕಿ. ಇಷ್ಟು ದಿನ ಯಾಕೆ ಏನೂ ಆಗ್ಲಿಲ್ಲ?" ಎಂದೆ.

ಆಕೆ ಚೀಲದಿಂದ ಹಳೆಯ ಕಪ್ಪು ಕೋಟು ತೆಗೆದಳು.

"ನಮ್ಮ ಯಜಮಾನ್ರು ಇದನ್ನ ಆ ಕಿಟಕಿಗೆ ನೇತು ಹಾಕಿದ್ರು ಸಾರ್. ಗಾಡಿಗೆ ಕಣ್ಣು ಕುಕ್ಕುತ್ತೆ ಕಣೇ ಅಂತಿದ್ರು. ಅವತ್ತು ಬೆಳಿಗ್ಗೆ ಯಾರೋ ತೆಗೆಸಿದ್ರಂತೆ. ಯಾರು ಅಂತ ಹೇಳಿ, ಸಾಕು."

ಆ ಕೋಟನ್ನು ನಾನು ನೋಡಿದ್ದೆ.

ಅವತ್ತು ಬೆಳಿಗ್ಗೆ ಸುರಕ್ಷತಾ ತಪಾಸಣೆಗೆ ಬಂದವನು ನಾನೇ. "ಇದೇನು ಬಟ್ಟೆ ಒಣಗಿಸೋ ಜಾಗಾನಾ? ತೆಗೀರಿ!" ಎಂದಿದ್ದೆ. ಆಕೆಯ ಗಂಡ ಏನೋ ಹೇಳಲು ಬಾಯಿ ತೆರೆದ. ಸಾಕು ಎಂದು ಕೈ ಎತ್ತಿದೆ. ಬೆಳಗಿನ ಬೆಳಕಿನಲ್ಲಿ ಗಾಡಿ ಚೆನ್ನಾಗಿಯೇ ನಿಂತಿತು. ಪಾಸ್ ಎಂದು ಸಹಿ ಹಾಕಿದೆ.

ಆ ಅರ್ಧ ತೆರೆದ ಬಾಯಿ... ಒಂಬತ್ತು ದಿನದಿಂದ ಕಣ್ಣು ಮುಚ್ಚಿದರೆ ಸಾಕು, ಅದೇ ಕಾಣುತ್ತದೆ. ಯಾಕೆ ಎಂದು ಈಗ ಗೊತ್ತಾಯಿತು.

ಮ್ಯಾನೇಜರ್ ಹತ್ತಿರ ಬಂದು ಪಿಸುಗುಟ್ಟಿದ. "ಸತ್ತವನದೇ ತಪ್ಪು ಅಂತ ಬರೀರಿ ಸಾರ್. ಕೋಟು ತೆಗೆಸಿದ್ದು ಯಾರು ಅಂತ ನಮ್ಮ ಸಿಸಿ ಕ್ಯಾಮೆರಾದಲ್ಲಿದೆ. ನೀವೂ ಉಳೀತೀರಿ, ನಾವೂ ಉಳೀತೀವಿ."

"ಆ ವಿಡಿಯೋ ಜೋಪಾನ ಕಣಯ್ಯಾ. ವರದಿಗೆ ಬೇಕು!"

ಆಕೆಯ ಕಡೆ ತಿರುಗಿದೆ.

"ನಾನೇ ಅಕ್ಕಾ. ತೆಗೆಸಿದ್ದು ನಾನೇ."

ಆಕೆ ಕೋಟು ನನ್ನ ಕೈಗಿಟ್ಟಳು.

"ನೇತು ಹಾಕಿ. ನಾಳೆ ಅಲ್ಲಿ ಇನ್ಯಾರೋ ನಿಲ್ತಾರೆ."

ಹಾಕಿದೆ. ಮತ್ತೆ ಅದೇ ಜಾಗದಲ್ಲಿ ನಿಂತೆ. ಗಾಡಿ ಹೊರಟಿತು... ಆರು ಅಡಿ ದೂರದಲ್ಲೇ ಗಕ್ಕನೆ ನಿಂತಿತು.

ಗಾಡಿಗೆ ನಾನು ಕಂಡೆ. ಆಕೆ ಮಾತ್ರ ಮತ್ತೆ ನನ್ನ ಕಡೆ ನೋಡಲಿಲ್ಲ.