ತಟ್ಟೆಯಲ್ಲಿ ಉಳಿದ ವೀಳ್ಯ

ಮಣಿಗುಪ್ಪೆಯ ಕೋಟೆಯೊಳಗೆ ಆ ಬೆಳಿಗ್ಗೆ ಯಾರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ರಾಜಬೀದಿಯ ಉದ್ದಕ್ಕೂ ಕಮ್ಮಾರರ ಕುಲುಮೆಗಳು ಭುಸುಗುಟ್ಟುತ್ತಿದ್ದವು. ಗಜಶಾಲೆಯಿಂದ ಹೊರಟ ಆನೆಗಳು ಹೂವಾಡಗಿತ್ತಿಯರ ಬುಟ್ಟಿಗಳನ್ನು ತುಳಿದುಕೊಂಡೇ ಸಾಗಿದವು. ಸೈನಿಕರ ಮನೆಗಳಲ್ಲಿ ಬುತ್ತಿಗೆ ಅವಲಕ್ಕಿ ಕುಟ್ಟುವ ಒನಕೆಯ ಸದ್ದು ಕ್ಷಣವೂ ಬಿಡುವು ಕೊಡಲಿಲ್ಲ. ಮರುದಿನ ಸೂರ್ಯೋದಯಕ್ಕೆ ನಾಲ್ಕು ಸಾವಿರ ಮಂದಿ ಕರಿಗಲ್ಲು ಕಡವಿನಲ್ಲಿ ನದಿ ದಾಟಿ ಶತ್ರುವಿನ ಪಾಳೆಯದ ಮೇಲೆ ಎರಗಬೇಕೆಂಬುದು ಪ್ರಧಾನಿ ದೇಮರಸನ ಯೋಜನೆ. ಸಭೆಯ ಸಮ್ಮತಿಯೊಂದು ಬಾಕಿಯಿತ್ತು. ಆ ಸಮ್ಮತಿ ಸಿಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದರೂ ಮಹಾರಾಜ ರಾಯಮಲ್ಲರಸನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅವನು ಹಡಪಿಗ ಮುದ್ದಯ್ಯನ ಕಡೆ ತಿರುಗಿದನು. ರಾಜನ ಎಲೆ ಅಡಕೆಯ ಚೀಲ ಹಿಡಿದು ಮೂವತ್ತು ವರ್ಷ ಅವನ ಹಿಂದೆ ನಡೆದವನು ಮುದ್ದಯ್ಯ.

“ಮುದ್ದಯ್ಯ, ನಮ್ಮ ಸಭೆಯಲ್ಲಿ ವೀಳ್ಯ ತೆಗೆದುಕೊಂಡವನು ಒಪ್ಪಿದನೆಂದು, ಬಿಟ್ಟವನು ಒಪ್ಪಲಿಲ್ಲವೆಂದು ಅರ್ಥ. ಇಷ್ಟು ವರ್ಷಗಳಲ್ಲಿ ಯಾರಾದರೂ ಬಿಟ್ಟದ್ದನ್ನು ಕಂಡಿದ್ದೀಯಾ?”

“ಇಲ್ಲ ಪ್ರಭು.”

“ಅಂದರೆ ನಾನು ಒಂದು ಸಲವೂ ತಪ್ಪಲಿಲ್ಲವೆಂದೇ?”

ಮುದ್ದಯ್ಯ ತಲೆ ತಗ್ಗಿಸಿದನು. ಹೇಳಿದರೆ ಕಷ್ಟ, ಹೇಳದಿದ್ದರೆ ಉಂಡ ಉಪ್ಪಿಗೆ ದ್ರೋಹ. ಕೊನೆಗೆ, “ತಟ್ಟೆ ಮೊದಲು ತಮ್ಮ ಬಳಿ ಬರುತ್ತದೆ, ಪ್ರಭು. ಅನಂತರ ಪ್ರಧಾನಿಗಳು, ಅನಂತರ ನಾಯಕರು. ತಾವು ತೆಗೆದುಕೊಂಡ ಮೇಲೆ ಬಿಡುವ ಗಂಡೆದೆ ಯಾರಿಗಿದೆ? ನಾನು ಮುಖ ನೋಡುವವನಲ್ಲ, ಕೈ ನೋಡುವವನು. ಈಚೆಗೆ ಆ ಕೈಗಳು ನಡುಗುತ್ತಿವೆ” ಎಂದನು. ರಾಜನು ಸಭೆಗೆ ನಡೆದನು.

ದೇಮರಸನ ವಾಗ್ಝರಿ ಹರಿಯಿತು, ತಟ್ಟೆ ಬಂತು. ಕ್ರಮ ತಪ್ಪಿಸಿದ ಹಡಪಿಗ ಮತ್ತೆ ಅರಮನೆಯ ಹೊಸ್ತಿಲು ತುಳಿಯಬಾರದೆಂಬ ಕಟ್ಟಳೆ ಮುದ್ದಯ್ಯನಿಗೆ ಗೊತ್ತಿತ್ತು. ಅರಮನೆಯ ಹೊರಗೆ ಅವನಿಗೆ ತನ್ನದೆಂಬ ಒಂದು ಜಗುಲಿಯೂ ಇರಲಿಲ್ಲ. ಆದರೂ ಅವನು ಸಿಂಹಾಸನಕ್ಕೆ ಬೆನ್ನು ಮಾಡಿ, ಸಭೆಯ ಕಟ್ಟಕಡೆಯಲ್ಲಿ ಕುಳಿತಿದ್ದ ಅಂಬಿಗರ ನಾಯಕ ಹುಲಿಯಪ್ಪನ ಮುಂದೆ ತಟ್ಟೆ ಹಿಡಿದನು.

“ಇವನಿಗೆ ಬುದ್ಧಿ ಕೆಟ್ಟಿದೆ, ಹೊರಗೆ ನೂಕಿ” ಎಂದು ದೇಮರಸನು ಗರ್ಜಿಸಿದನು.

“ಇರಲಿ, ಪ್ರಧಾನಿಗಳೇ. ನಮ್ಮ ಸರದಿ ಬರುವವರೆಗೆ ನಾವು ಕಾಯುತ್ತೇವೆ” ಎಂದನು ರಾಜನು.

ಹುಲಿಯಪ್ಪ ತಟ್ಟೆಯನ್ನು ನೋಡಿದನು, ಮುದ್ದಯ್ಯನ ಮುಖವನ್ನು ನೋಡಿದನು. ಚಾಚಿದ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡನು.

“ಕಾರಣ ಹೇಳು” ಎಂದನು ರಾಜ.

“ಕಡವಿನ ತಳದಲ್ಲಿ ಶತ್ರುಗಳು ಚೂಪಾದ ಗೂಟಗಳನ್ನು ನೆಟ್ಟಿದ್ದಾರೆ, ಮಹಾಪ್ರಭು. ಗುಟ್ಟು ರಟ್ಟಾಗಬಾರದೆಂದು ಪ್ರಧಾನಿಗಳು ಎಂಟು ದಿನದಿಂದ ದೋಣಿಗಳನ್ನು ಕಟ್ಟಿಹಾಕಿಸಿದ್ದಾರೆ. ನಾನು ಕದ್ದು ಮುಳುಗಿ ನೋಡಿದೆ. ಗೂಟ ನೆಡುವವರು ಎಂಟು ದಿನ ನಿಶ್ಚಿಂತೆಯಿಂದ ನೆಟ್ಟಿದ್ದಾರೆ.”

“ಇದನ್ನು ಮೊದಲೇ ಏಕೆ ಹೇಳಲಿಲ್ಲ? ನಿರ್ಭಯವಾಗಿ ಮಾತಾಡಿ ಎಂದು ನಾವು ಎಷ್ಟು ಸಲ ಹೇಳಿಲ್ಲ?”

“ಸೇನಾನಿ ಬಮ್ಮಯ್ಯನವರು ಮಾತಾಡಿದರಲ್ಲ, ಪ್ರಭು. ಹೋದ ವರ್ಷ ಕೋಟೆಯ ಕಂದಕದ ಆಳ ಸಾಲದೆಂದರು. ತಿಂಗಳೊಳಗೆ ಗಡಿಯ ಕಾಡಿಗೆ ಹೋದರು.”

“ಅದು ಉಂಬಳಿ” ಎಂದು ರಾಜ ತಡವರಿಸಿದನು. “ಅವನ ಸತ್ಯಕ್ಕೆ ಮೆಚ್ಚಿ ಕೊಟ್ಟ ಊರು ಅದು. ಯಾವ ಊರು ಕೊಡಬೇಕೆಂದು ಪ್ರಧಾನಿಗಳೇ ಸೂಚಿಸಿದರು.”

“ಮೆಚ್ಚುಗೆಯೋ ಶಿಕ್ಷೆಯೋ, ನಮಗೆ ಹೇಗೆ ತಿಳಿಯಬೇಕು? ಅವರ ಹೆಂಡತಿ ಅಳುತ್ತ ಗಾಡಿ ಹತ್ತಿದ್ದನ್ನು ಇಡೀ ಪೇಟೆ ನೋಡಿತು.”

ರಾಜನ ಮುಖ ಕಪ್ಪಿಟ್ಟಿತು. ಊರು ಕೊಟ್ಟ ದಿನ ತನ್ನ ಔದಾರ್ಯಕ್ಕೆ ತಾನೇ ಬೀಗಿದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ತಟ್ಟೆ ಮುಂದಕ್ಕೆ ಹೋಯಿತು. ಅಶ್ವಸೇನೆಯ ನಾಯಕ ಮುಟ್ಟಲಿಲ್ಲ. ಬಿಲ್ಲಾಳುಗಳ ನಾಯಕ ಮುಟ್ಟಲಿಲ್ಲ. ಒಬ್ಬರ ಧೈರ್ಯ ಇನ್ನೊಬ್ಬರಿಗೆ ಅಂಟಿಕೊಂಡಿತು. ದೇಮರಸನೊಬ್ಬನೇ ಬಿಗಿದ ಮುಖದಿಂದ ವೀಳ್ಯ ಎತ್ತಿಕೊಂಡನು.

“ಸಂತೋಷ” ಎಂದನು ರಾಜ. “ಹಾಗಾದರೆ ನಾಳೆ ಮೊದಲು ನಿಮ್ಮ ಕುದುರೆ ಕಡವಿಗಿಳಿಯಲಿ. ನಾವು ಹಿಂದೆಯೇ ಬರುತ್ತೇವೆ.”

ಪ್ರಧಾನಿಯ ಬೆರಳುಗಳಿಂದ ವೀಳ್ಯ ಜಾರಿತು. ಅದನ್ನು ಹೆಕ್ಕಲು ಅವನು ಬಾಗಲಿಲ್ಲ. ಸೇನೆಯನ್ನು ಆ ಗೂಟಗಳ ಮೇಲೆ ನೂಕಲು ಶತ್ರುವಿನೊಡನೆ ಗುಟ್ಟಾಗಿ ಮಾಡಿಕೊಂಡಿದ್ದ ಒಪ್ಪಂದವನ್ನು ಅವನ ಬಾಯಿಂದ ಹೊರಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಟರು ಅವನನ್ನು ಕರೆದೊಯ್ದರು, ದಂಡಯಾತ್ರೆ ನಿಂತಿತು, ಬಮ್ಮಯ್ಯನನ್ನು ಕರೆತರಲು ಸವಾರರು ಓಡಿದರು.

ಆಗ ರಾಜನು ಹಗುರಾದ ಮನಸ್ಸಿನಿಂದ, “ಮುದ್ದಯ್ಯ ಕ್ರಮ ಮುರಿದದ್ದು ನಿಜ. ಆದರೆ ನಾಲ್ಕು ಸಾವಿರ ಜೀವ ಉಳಿಸಿದನು. ಅವನನ್ನು ಕ್ಷಮಿಸಬೇಕೆಂದು ನಮ್ಮ ಇಚ್ಛೆ. ತಟ್ಟೆ ಮತ್ತೆ ಕೆಳಗಿನಿಂದಲೇ ಬರಲಿ” ಎಂದನು.

ತನ್ನ ತೀರ್ಪಿನ ವೀಳ್ಯವನ್ನು ಮುದ್ದಯ್ಯನೇ ಹೊತ್ತು ಹೋದನು. ಹುಲಿಯಪ್ಪನ ಕಣ್ಣುಗಳು ತುಂಬಿದ್ದವು, ಆದರೆ ಅವನ ಕೈ ಮೇಲೇಳಲಿಲ್ಲ.

“ನಿನಗೂ ಮನಸ್ಸಿಲ್ಲವೇ?” ಎಂದು ರಾಜನು ಗದ್ದುಗೆಯಿಂದ ಅರ್ಧ ಎದ್ದನು.

“ಮನಸ್ಸಿದೆ, ಪ್ರಭು. ಇವನು ನನ್ನ ಸ್ನೇಹಿತ. ಆದರೆ ತಮಗೆ ಬೇಕಾದವನೆಂದು ಇಂದು ಕಟ್ಟಳೆ ಬಿಟ್ಟರೆ, ನಾಳೆ ಇನ್ನೊಬ್ಬ ದೇಮರಸ ತಮಗೆ ಬೇಕಾದವನಾಗುತ್ತಾನೆ. ತಾವು ಕೇಳಿದಿರಿ, ಅದಕ್ಕೇ ಹೇಳಿದೆ.”

ತಟ್ಟೆ ಸಾಲನ್ನು ದಾಟಿ ಬಂತು. ಒಂದು ಎಲೆಯೂ ಕದಲಿರಲಿಲ್ಲ. ರಾಜನ ಕೈ ವೀಳ್ಯದ ಮೇಲೆ ಬಹಳ ಹೊತ್ತು ನಿಂತಿತು. ಅವನೊಬ್ಬನು ತೆಗೆದುಕೊಂಡರೂ ಸಾಕಿತ್ತು. ರಾಜನ ಮಾತನ್ನು ತಡೆಯುವವರು ಯಾರೂ ಇರಲಿಲ್ಲ. ಮುದ್ದಯ್ಯ ಮೆಲ್ಲಗೆ, “ಬೇಡಿ ಪ್ರಭು” ಎಂದನು.

ರಾಯಮಲ್ಲರಸನು ಕೈ ಹಿಂದೆಗೆದನು. ತಟ್ಟೆಯನ್ನು ಕೆಳಗಿಟ್ಟು, ಹೆಗಲಿನ ಚೀಲ ಬಿಚ್ಚಿಕೊಟ್ಟು, ಮುದ್ದಯ್ಯ ಹೊಸ್ತಿಲು ದಾಟಿದನು. ಅವನಿಗೆ ಅಳು ಬಂತು, ಹೆಮ್ಮೆಯೂ ಆಯಿತು. ಅವನು ಕಣ್ಮರೆಯಾಗುವವರೆಗೆ ರಾಜನು ನಿಂತೇ ಇದ್ದನು.